ಬಸುರಿ ಡಾಕ್ಟರ ಮುಂದೆ ಆಡಬಾರದ ಮಾತು

ಬ್ಯೂನಸ್ ಐರಿಸ್‌ನಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದು ಗುಟ್ಟಿನ ವಿಷಯವೇ ಅಲ್ಲ. ಮೀನಂಗಡಿಯವನೂ 'ನಮ್ಮ ಡಾಕ್ಟರು ಹೀಗಂದರು' ಎಂದು ತಕ್ಕಡಿ ಹಿಡಿದುಕೊಂಡೇ ಹೇಳುತ್ತಾನೆ. ಗುಂಡಿ, ದಾರ, ಉಲ್ಲನ್ ಮಾರುವ ದೆಲ್ಮಿರಾ ಕೂಡ ಎರಡು ವರ್ಷದಿಂದ ಪ್ರತಿ ಮಂಗಳವಾರ ಅಂಗಡಿ ಮುಚ್ಚಿ, ದೆಬೋರಾ ಡಾಕ್ಟರ ದಿವಾನದ ಮೇಲೆ ಮಲಗಿ ಮಾತಾಡಿ ಬರುತ್ತಿದ್ದಳು. ಹುಟ್ಟಿದ ಮೂರನೇ ದಿನಕ್ಕೆ ತೀರಿಕೊಂಡ ಮಗಳ ದುಃಖವನ್ನು ಹೇಳಿಕೊಳ್ಳಬೇಕೆಂದೇ ಹೋಗಲು ಶುರು ಮಾಡಿದ್ದು. ಸುತ್ತಿ ಬಳಸಿ ಅಲ್ಲಿಗೇ ಬರುತ್ತಿದ್ದಳು. ಮಗುವಿನ ಹೆಸರು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಆ ಚಳಿಗಾಲದಲ್ಲಿ ಮಾತು ಪೂರ್ತಿ ನಿಂತಿತು. ಬಾಗಿಲಲ್ಲಿ ಆ ಊರಿನ ವಾಡಿಕೆಯಂತೆ ಕೆನ್ನೆಗೆ ಮುತ್ತಿಡಲು ಬಾಗಿದಾಗ ಡಾಕ್ಟರ ಹೊಟ್ಟೆ ಇವಳಿಗೆ ತಾಗಿತು. ಸಡಿಲ ಸ್ವೆಟರ್ ಹಾಕಿಕೊಂಡರೆ ಬಸುರು ಮುಚ್ಚಿಡಲು ಆಗುತ್ತದೆಯೇ, ಅದೂ ಉಲ್ಲನ್ ಮಾರುವವಳಿಂದ? ದೆಲ್ಮಿರಾ ತುಟಿ ಹೊಲಿದುಕೊಂಡಳು. ಸತ್ತ ಕೂಸಿನ ಮಾತು ತನ್ನ ಬಾಯಿಂದ ಬಂದು ಆ ಹೊಟ್ಟೆಗೆ ಸೋಕಬಾರದು.

ಡಾಕ್ಟರದು ಇನ್ನೊಂದು ಪಾಡು. ತನ್ನ ವಿಷಯ ತಾನಾಗಿ ಹೇಳಕೂಡದು, ಬಂದವರೇ ಎತ್ತಲಿ ಅನ್ನುವುದು ಆ ಕಸುಬಿನ ಶಿಸ್ತು. ಹೊಟ್ಟೆಯಲ್ಲಿ ಬೆಳೆಯುವ ಕೂಸು ಶಿಸ್ತಿಗೆಲ್ಲ ಕಾಯುತ್ತದೆಯೇ? ಒಬ್ಬಳು ಚಾವಣಿ ನೋಡುತ್ತ, ಇನ್ನೊಬ್ಬರು ಅವಳ ತಲೆಯ ಹಿಂದೆ ಕುರ್ಚಿಯಲ್ಲಿ, ವಾರಗಟ್ಟಲೆ ಹಾಗೇ ಕಳೆದರು.

"ನನ್ನ ಮೇಲೆ ಸಿಟ್ಟಿದೆಯಾ?" ಎಂದು ಡಾಕ್ಟರು ಒಮ್ಮೆ ಕೇಳಿದರು.

"ಇಲ್ಲಪ್ಪ. ನಿಮ್ಮ ಮೇಲೆ ನಂಗ್ಯಾಕೆ ಸಿಟ್ಟು?"

ಮನೆಯಲ್ಲಿ ಗಂಡ ಓಸ್ವಾಲ್ದೊ ಛೇಡಿಸಿದ: "ಸುಮ್ನೆ ಮಲ್ಕೊಳಕ್ಕೆ ಅಷ್ಟು ದೂರ ಯಾಕೆ ಹೋಗ್ತೀಯೇ? ನಮ್ಮನೇಲಿ ಮಂಚ ಇಲ್ವಾ?"

"ಇನ್ಮೇಲೆ ಹೋಗಲ್ಲ ಬಿಡು" ಅಂದವಳೇ ಅಡುಗೆಮನೆಗೆ ಹೋಗಿ ಅತ್ತಳು. ಮಗಳ ಮಾತೆತ್ತಿದರೆ ಓಸ್ವಾಲ್ದೊ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಆ ಡಾಕ್ಟರ ಕೋಣೆ ಬಿಟ್ಟರೆ ಮಗಳಿಗಾಗಿ ಅಳಲು ಅವಳಿಗೆ ಇಷ್ಟು ದೊಡ್ಡ ಊರಲ್ಲಿ ಇನ್ನೊಂದು ಜಾಗವಿರಲಿಲ್ಲ.

ಮುಂದಿನ ಮಂಗಳವಾರ ಅವಳು ಮಲಗಲೇ ಇಲ್ಲ. ದಿವಾನದ ಅಂಚಿನಲ್ಲಿ ಕೂತಳು.

"ಇವತ್ತೇ ಕೊನೆ ಡಾಕ್ಟ್ರೇ. ನಂಗೀಗ ವಾಸಿಯಾಗಿದೆ."

ಡಾಕ್ಟರಿಗೆ ಏನನ್ನಿಸಿತೋ, ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಬಂದು ಕೂತರು.

"ದೆಲ್ಮಿರಾ, ನಾನು ಬಸುರಿ. ನೀವಾಗೇ ಕೇಳ್ಲಿ ಅಂತ ಕಾದೆ. ತಪ್ಪು ಮಾಡಿದೆ."

"ನಂಗೇನು ಕಣ್ಣಿಲ್ವಾ? ಗೊತ್ತಾಗೇ ಬಾಯಿ ಮುಚ್ಕೊಂಡಿದ್ದು. ನನ್ನ ಮಾತು ನಿಮ್ಮ ಕೂಸಿಗೆ ತಟ್ಟಿದ್ರೆ?"

"ಅದಕ್ಕಾ ಬಿಟ್ಟು ಹೋಗ್ತಿರೋದು?"

"ಇನ್ನೇನು ಮಾಡ್ಲಿ, ನೀವೇ ಹೇಳಿ."

ಡಾಕ್ಟರ ಕಣ್ಣು ತುಂಬಿತ್ತು. ದೆಲ್ಮಿರಾಗೆ ಗಾಬರಿಯಾಯಿತು, ಈ ಕೋಣೆಯಲ್ಲಿ ಅಳುವ ಸರದಿ ಯಾವತ್ತೂ ತನ್ನದೇ ಆಗಿತ್ತು.

"ನಂಗೂ ಹೆದರಿಕೆ ಇತ್ತು" ಅಂದರು ಡಾಕ್ಟರು. "ನಿಮ್ಮ ಮಗಳ ವಿಷಯ ಬಸುರಲ್ಲಿ ಕೇಳೋಕೆ ಧೈರ್ಯ ಸಾಲ್ದೆ ಸುಮ್ನಿದ್ದೆ. ಈಗ ಕೇಳ್ತಿದೀನಿ. ಅವಳ ಹೆಸರೇನು?"

ದೆಲ್ಮಿರಾ ಎದ್ದು ಹೋಗಬೇಕೆಂದುಕೊಂಡಳು, ಆದರೆ ಏಳಲಿಲ್ಲ. ಆ ತುಂಬಿದ ಹೊಟ್ಟೆಯನ್ನೇ ನೋಡಿದಳು. ಡಾಕ್ಟರು ಅದಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲಿಟ್ಟು ಕಾಯುತ್ತಿದ್ದರು.

"ಅಬ್ರಿಲ್" ಅಂದಳು ದೆಲ್ಮಿರಾ, ಮಲಗಿದ ಕೂಸು ಎಚ್ಚರಾಗಬಾರದು ಅನ್ನುವ ಹಾಗೆ. ಆಮೇಲೆ ಇನ್ನೊಮ್ಮೆ ಜೋರಾಗಿಯೇ ಹೇಳಿದಳು.