ಒಂದು ತೊಟ್ಟು ರಕ್ತ ಬರಲ್ಲ

ಶಿವಾಜಿನಗರದ ಬಟ್ಟೆ ಅಂಗಡಿಯ ಚಾಚಾ ಕತ್ತರಿ ಹಿಡಿದದ್ದನ್ನು ನಾನು ಕಂಡಿಲ್ಲ. ರವಿಕೆ ಬಟ್ಟೆ ಅಳೆದು, ಬಾಯಲ್ಲಿದ್ದ ಬೀಡಿ ತೆಗೆದಿಟ್ಟು, ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿಯುತ್ತಿದ್ದರು. ಹೊಸ ಬಟ್ಟೆಗೆ ಬೀಡಿಯ ವಾಸನೆ ಅಂಟಿರುತ್ತಿತ್ತು; ನನಗೆ ಹಬ್ಬದ ವಾಸನೆ ಎಂದರೆ ಅದೇ.

ಹಲ್ಲುಜ್ಜಿದರೆ ರಕ್ತ ಬರುತ್ತದೆಂದು ಅಮ್ಮ ಹೆದರಿ ದಂತವೈದ್ಯರಲ್ಲಿಗೆ ಓಡಿದ್ದನ್ನು ಕೇಳಿ ಚಾಚಾ ನಕ್ಕಿದ್ದರು. ಅಂದಿನಿಂದ ಹೋದಾಗಲೆಲ್ಲ ಒಂದೇ ಮಾತು: “ನಮ್ದು ನೋಡಮ್ಮಾ, ಒಂದು ತೊಟ್ಟು ರಕ್ತ ಬರಲ್ಲ!” ಹಾಗೆನ್ನುವಾಗ ಒಸಡು ಹಿಂದೆ ಸರಿದು ಉದ್ದವಾಗಿದ್ದ ಹಲ್ಲುಗಳು ಕಾಣುತ್ತಿದ್ದವು.

ಒಂದು ಗೌರಿ ಹಬ್ಬಕ್ಕೆ ಹೋದಾಗ, ಅಂಚು ಕಚ್ಚಲು ಹೋದವರು ಹಾಗೇ ನಿಂತುಬಿಟ್ಟರು. ಮುಂದಿನ ಹಲ್ಲು ಅಲುಗುತ್ತಿತ್ತು.

“ಡಾಕ್ಟ್ರು ಹೇಳಿದ್ರಮ್ಮಾ,” ಎಂದರು ಮೆಲ್ಲಗೆ. “ಬೀಡಿ ಸೇದೋರಿಗೆ ಒಸಡು ಕೆಟ್ರೂ ರಕ್ತ ಬರೋದು ಕಮ್ಮಿಯಂತೆ. ಶುಗರ್ ಬೇರೆ ಇದೆ. ಒಳಗೆ ಮೂಳೆನೇ ಸವೆದೋಗಿದೆ.”

ಚಾಚಾ ಕತ್ತರಿಗಾಗಿ ತಡಕಾಡಿದರು. ಆ ಅಂಗಡಿಯಲ್ಲಿ ಕತ್ತರಿಯೇ ಇರಲಿಲ್ಲ. ಕೊನೆಗೆ ಬಟ್ಟೆಯ ಅಂಚನ್ನು ಅಮ್ಮನತ್ತ ಚಾಚಿದರು.

“ನೀವೇ ಕಚ್ಚಿಕೊಡಿ. ನಿಮ್ದು ರಕ್ತ ಬಂದಿದ್ದೇ ಒಳ್ಳೇದಾಯ್ತು.”

ಅಮ್ಮ ಕಚ್ಚಿಕೊಟ್ಟಳು. ಚಾಚಾ ಹರಿದರು. ಸದ್ದು ಮಾತ್ರ ಮೊದಲಿನದೇ.