ಅರವತ್ತು ಕುರಿಗಳಿಗೆ ಹೊಸ ಚೀಟಿ

ಡಾಟ್‌ಕಾಮ್ ಭರಾಟೆಯಲ್ಲಿ ಅಮೆರಿಕದ ಸನ್ನಿವೇಲ್ ಊರು ಪೂರ್ತಿ ವೆಬ್‌ಸೈಟು ಕಟ್ಟುತ್ತಿದ್ದಾಗ, ಅಲ್ಲಿನ ನಮ್ಮ ಪುಟ್ಟ ಲ್ಯಾಬು ಟಿಬೆಟನ್ ಕುರಿಗಳು ಬೆಟ್ಟದ ಎತ್ತರದ ತೆಳುಗಾಳಿಯಲ್ಲಿ ಹೇಗೆ ಬದುಕುತ್ತವೆಂದು ಹುಡುಕುತ್ತಿತ್ತು. ರಕ್ತದ ಮಾದರಿಗಳ ಉಸ್ತುವಾರಿ ನನ್ನದು.

ಬೈಲಕುಪ್ಪೆಯಲ್ಲಿ ಬೆಳೆದ ಟಿಬೆಟನ್ ಪಶುವೈದ್ಯರೊಬ್ಬರು ಲಡಾಖಿನಿಂದ ಅರವತ್ತು ಕುರಿಗಳ ರಕ್ತ ತಂದರು. ಕೊಳವೆಗಳ ಮೇಲೆ ಸೊಟ್ಟಗೆ ಅಂಟಿಸಿದ ಚೀಟಿಗಳು, ಅವುಗಳಲ್ಲಿ ಟಿಬೆಟನ್ ಬರಹ. ಕಾನ್ವೆಂಟಿನಲ್ಲಿ ಓದಿದ ನನಗೆ ಅದನ್ನು ನೋಡಲಾಗಲಿಲ್ಲ. ಅವರು ಊಟಕ್ಕೆ ಹೋದಾಗ ಎಲ್ಲವನ್ನೂ ಕಿತ್ತು, ಒಂದರಿಂದ ಅರವತ್ತರವರೆಗೆ ದುಂಡಗೆ ನಂಬರು ಬರೆದು ಅಂಟಿಸಿದೆ.

"ಮೇಡಂ, ಹಳೇ ಚೀಟಿ ಎಲ್ಲಿ?"

"ಕಸದ ಬುಟ್ಟಿಯಲ್ಲಿ. ಓದೋಕೇ ಆಗ್ತಿರಲಿಲ್ಲ."

"ನನಗೆ ಆಗ್ತಿತ್ತಲ್ಲ ಮೇಡಂ. ಎತ್ತರದಲ್ಲಿ ಯಾವ ಕುರಿ ಉಸಿರು ಕಟ್ಟಿ ಬಿತ್ತು, ಯಾವುದು ತಡಕೊಂಡಿತು, ಎಲ್ಲ ಅದರಲ್ಲೇ ಬರೆದಿದ್ದೆ."

ಬುಟ್ಟಿಯಲ್ಲಿ ಅರವತ್ತೂ ಚೀಟಿ ಸಿಕ್ಕವು. ಯಾವುದು ಯಾವ ಕೊಳವೆಯದೆಂದು ಹೇಳುವವರೇ ಇರಲಿಲ್ಲ.

"ಇನ್ನೊಮ್ಮೆ ರಕ್ತ ತೆಗೆದರಾಯಿತು," ಎಂದೆ.

"ಆ ಮಂದೆ ಈ ಸಲದ ಹಿಮದಲ್ಲಿ ಸತ್ತೇ ಹೋಯಿತು ಮೇಡಂ," ಎಂದವರು ಬಯ್ಯಲೂ ಇಲ್ಲ. ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಕೊಳವೆಗಳು ಇವತ್ತಿಗೂ ಫ್ರೀಜರಿನಲ್ಲಿವೆ. ಯಾವ ನಂಬರು ಕೇಳಿದರೂ ಅರ್ಧ ನಿಮಿಷದಲ್ಲಿ ತೆಗೆದುಕೊಡಬಲ್ಲೆ. ಯಾರೂ ಕೇಳಿಲ್ಲ.