ಐದೂರಿನ ಆಪರೇಟರುಗಳ ಸಂಘ

ಸಂಘ ಕಟ್ಟಬೇಕೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಹರಪನಹಳ್ಳಿಯ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ನಾನು. ದಿನಕ್ಕೆ ಮೂರು ಆಟ, ವಾರಕ್ಕೆ ಏಳು ದಿನ. ಊರಿಗೆಲ್ಲ ಹಬ್ಬ ಬಂದರೆ ನನಗೆ ನಾಲ್ಕನೇ ಆಟ ಬರುತ್ತಿತ್ತು. ಕ್ಯಾಬಿನ್ನಿನ ಕಾವಿನಲ್ಲಿ ಬನಿಯನ್ ಹಿಂಡಿ ಹಿಂಡಿ ಹಾಕಿಕೊಳ್ಳುವವನಿಗೆ ಹೋರಾಟ ಗೀರಾಟದ ಹುಮ್ಮಸ್ಸು ಎಲ್ಲಿಂದ ಬರಬೇಕು? ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ನನಗೆ ಬೇಕಾಗಿದ್ದದ್ದು ಒಂದು ಸಂಜೆಯ ರಜೆ, ಅಷ್ಟೇ.

ನಮ್ಮ ಕಡೆ ಒಂದೇ ಪ್ರಿಂಟು ಐದೂರು ತಿರುಗುತ್ತಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಓಡಿ ಸವೆದು, ಕೊನೆಗೆ ಬಸ್ಸಿನ ಮೇಲೆ ಕೂತು ನನ್ನಲ್ಲಿಗೆ ಬರುತ್ತಿತ್ತು. ಫಿಲ್ಮು ಎಲ್ಲಿ ಹರಿದಿದೆ, ಎಲ್ಲಿ ಅಂಟಿಸಿದೆ ಎಂದು ಪ್ರತಿಯೊಬ್ಬ ಆಪರೇಟರೂ ಚೀಟಿ ಬರೆದು ಪೆಟ್ಟಿಗೆಯ ಮುಚ್ಚಳದೊಳಗೆ ಇಡುವುದು ರೂಢಿ. "ಮೂರನೇ ರೀಲಿನ್ಯಾಗ ಹಾಡಿನ ಮುಂದ ಅಂಚು ಹರದೈತಿ, ನೋಡ್ಕೊಂಡು ಓಡಿಸ್ರಿ." ಒಬ್ಬರ ಮುಖ ಒಬ್ಬರು ನೋಡದಿದ್ದರೂ ಕೈ ಗೊತ್ತಿತ್ತು. ಕೊಟ್ಟೂರಿನವನದು ಅವಸರದ ಅಂಟು, ದಪ್ಪಗೆ ಇರುತ್ತಿತ್ತು. ಹಡಗಲಿಯ ಆಪರೇಟರ್ ವಯಸ್ಸಾದವರು; ಆ ಹಿರಿಯರ ಅಂಟು ಬೆರಳಾಡಿಸಿದರೂ ಸಿಗುತ್ತಿರಲಿಲ್ಲ.

ಒಂದು ಸಲ ಹಡಗಲಿಯಿಂದ ಬಂದ ಪೆಟ್ಟಿಗೆಯಲ್ಲಿ ಬೇರೆ ಥರದ ಚೀಟಿ ಇತ್ತು. "ನನ್ನ ಕೆಲಸದಿಂದ ಬಿಡಿಸ್ಯಾರ. ಕಣ್ಣು ಮಂಜಾಗ್ಯಾವು. ಇದು ಕಡೀ ಚೀಟಿ."

ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಳಕಿನಿಂದಲೇ ಆಗ ಸಿನಿಮಾ ಕಾಣುತ್ತಿದ್ದದ್ದು. ಕಡ್ಡಿ ಸವೆದಂತೆ ಹತ್ತಿರ ಸರಿಸಲು ಆಪರೇಟರ್ ಕರಿಗಾಜಿನ ಕಿಂಡಿಯಿಂದ ಅದನ್ನು ನೋಡುತ್ತಲೇ ಇರಬೇಕು. ಹಡಗಲಿಯ ಕ್ಯಾಬಿನ್ನಿನಲ್ಲಿ ಆ ಗಾಜು ಒಡೆದು ವರ್ಷಗಳಾಗಿದ್ದರೂ ಮಾಲೀಕ ಹೊಸದು ಹಾಕಿಸಿರಲಿಲ್ಲ. ಈಗ ಪರದೆಯ ಮೇಲಿನ ಚಿತ್ರ ಮಸುಕಾಗುತ್ತದೆ, ಜನ ಕೂಗುತ್ತಾರೆ ಎಂದು ಅವರನ್ನೇ ಹೊರಗೆ ಹಾಕಿದ್ದ. ಚೀಟಿ ಓದಿ ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ದಿನವೂ ಎರಡನೇ ಆಟ ಮುಗಿಯುವಷ್ಟರಲ್ಲಿ ನನ್ನ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

ಅದೇ ಹಾದಿಯಲ್ಲಿ ಹಿಂದಿರುಗುವ ಪೆಟ್ಟಿಗೆಗಳಲ್ಲೇ ಚೀಟಿ ಇಟ್ಟು ಎಲ್ಲರನ್ನೂ ಕರೆದೆ. ಸೋಮವಾರ ಬೆಳಿಗ್ಗೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹಡಗಲಿಗೆ ಹೊಸದಾಗಿ ಬಂದ ಆಪರೇಟರ್, ಕೂಡ್ಲಿಗಿಯ ಸಹಾಯಕ ಎಲ್ಲ ಸೇರಿ ಏಳು ಜನ ಕೂಡಿದೆವು. ಮಿರ್ಚಿ ಮಂಡಕ್ಕಿ ತಿನ್ನುತ್ತ ಕೊಟ್ಟೂರಿನವನು ಶುರು ಮಾಡಿದ.

"ಸಂಘ ಅಂತೀರಿ. ಮಷೀನು ಬಿಟ್ಟು ಒಂದಕ್ಕ ಹೋಗಾಕ ಪುರುಸೊತ್ತಿಲ್ಲ ನಮಗ. ಬಾವುಟ ಯಾವಾಗ ಹಿಡಿಯೋದ್ರಿ?"

ಎಲ್ಲರೂ ನಕ್ಕರು. ಹಡಗಲಿಯ ಹಿರಿಯರು ಹೆಂಡತಿಯ ಜೊತೆ ಬಂದಿದ್ದರು. ಚಹಾದ ಲೋಟವನ್ನು ತಡಕಿ ಹಿಡಿದುಕೊಂಡು ಅವರು ಹೇಳಿದ್ದು ಇಷ್ಟು: "ಮಷೀನು ಕೊಡ್ರಿ ಅನ್ನಂಗಿಲ್ಲ ನಾನು. ರೀಲು ಸುತ್ತಾಕ, ಅಂಟಿಸಾಕ ಇಟ್ಕೊಂಡ್ರ ಸಾಕು. ಅದಕ್ಕ ಬೆರಳಿದ್ರ ಆತು."

ಏಳು ಸಹಿ ಬಿದ್ದವು. ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಆಮೇಲಿನ ತಿಂಗಳುಗಳು ನೆನಪಾದರೆ ಈಗಲೂ ಸೊಂಟ ನೋಯುತ್ತದೆ. ಮೊದಲ ಬಸ್ಸಿಗೆ ಬಳ್ಳಾರಿಯ ಕಾರ್ಮಿಕ ಕಚೇರಿಗೆ ಹೋಗು, ಸಾಹೇಬರು ಟೂರಿಗೆ ಹೋಗಿದ್ದಾರೆ ಎನ್ನಿಸಿಕೊಂಡು ಮ್ಯಾಟಿನಿ ಹೊತ್ತಿಗೆ ಓಡೋಡಿ ಬಾ. ಒಮ್ಮೆ ಸಹಿ ಸರಿಯಿಲ್ಲ, ಇನ್ನೊಮ್ಮೆ ನಮೂನೆಯೇ ಬೇರೆ. ನಿಂತೇ ನಿದ್ದೆ ಮಾಡುವುದನ್ನು ಆ ಬಸ್ಸುಗಳಲ್ಲಿ ಕಲಿತೆ. ಅಂತೂ ನೋಂದಣಿಯಾಯಿತು. ಆದರೆ ಹಿರಿಯರನ್ನು ಮತ್ತೆ ಇಟ್ಟುಕೊಳ್ಳಿ ಎಂದು ಬರೆದ ನಮ್ಮ ಕಾಗದಕ್ಕೆ ಹಡಗಲಿಯ ಮಾಲೀಕ ಉತ್ತರವನ್ನೇ ಕೊಡಲಿಲ್ಲ.

ಒಂದು ಭಾನುವಾರ ಐದೂರಿನಲ್ಲೂ ಪ್ರೊಜೆಕ್ಟರ್ ಹಚ್ಚುವುದಿಲ್ಲ ಎಂದು ತೀರ್ಮಾನಿಸಿದೆವು. ಮಾಲೀಕರೆಲ್ಲ ಒಬ್ಬರಿಗೊಬ್ಬರು ಬೇಕಾದವರೇ. ನಾಲ್ವರಿಗೆ ಬಿಸಿ ಮುಟ್ಟಿದರೆ ಐದನೆಯವನು ಬಗ್ಗುತ್ತಾನೆ ಎಂಬುದು ನಮ್ಮ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಎಲ್ಲ ಕಡೆ ಮ್ಯಾಟಿನಿ ನಿಂತಿತು. ನಾಲ್ಕು ಗಂಟೆಗೆ ಹಡಗಲಿ ಬಸ್ಸಿನ ಕಂಡಕ್ಟರ್ ನನ್ನನ್ನು ಹುಡುಕಿಕೊಂಡು ಬಂದ.

"ನಾಳಿ ಮುಂಜಾನಿ ಮಾತಿಗೆ ಬರ್ರಿ ಅಂದಾನಂತ್ರಿ ಟಾಕೀಸಿನ ಸಾವ್ಕಾರ. ಹಿರ್ಯಾರನ್ನ ಒಳಗ ತಗೊಳ್ಳೋ ಹಂಗ ಅದಾನ. ಇವತ್ತೊಂದಿನ ಯಾರೂ ಓಡಿಸಬ್ಯಾಡ್ರಿ ಅಂತ ನಿಮ್ಮ ಹಡಗಲಿ ಮಂದಿ ಹೇಳ್ಯಾರ."

ನಮ್ಮ ಮಾಲೀಕ ಮಾತ್ರ ದಾವಣಗೆರೆಯಿಂದ ತನ್ನ ಸಂಬಂಧಿಯೊಬ್ಬನನ್ನು ಕರೆಸಿ ಸಂಜೆಯ ಆಟ ಶುರು ಮಾಡಿಸಿದ. ನಾನು ಟಾಕೀಸಿನ ಗೋಡೆಗೆ ಹೊಂದಿಕೊಂಡ ಚಹಾದಂಗಡಿಯಲ್ಲಿ ಕೂತಿದ್ದೆ. ಅರೆಬರೆ ಕಲಿತವನು, ನಾಲ್ಕು ಸಲ ಕತ್ತಲು ಮಾಡಿ ಕೈಬಿಡುತ್ತಾನೆ, ಜನರೇ ಎದ್ದು ಬರುತ್ತಾರೆ ಎಂದು ಸುಮ್ಮನಿದ್ದೆ. ಅಂದಿನದು ಹಳೆಯ ಪೌರಾಣಿಕ ಚಿತ್ರ. ಐದನೇ ರೀಲಿನ ಕೊನೆಗೆ ಒಂದು ಗೇಣಿನಷ್ಟು ಉದ್ದಕ್ಕೆ ಅಂಚು ಕಿತ್ತುಹೋದದ್ದನ್ನು ಹಡಗಲಿಯ ಹಿರಿಯರು ಹಿಂದೊಮ್ಮೆ ಎಳೆ ಎಳೆಯಾಗಿ ಕೂಡಿಸಿದ್ದರು. ಆ ಜಾಗ ಬಂದಾಗ ಫಿಲ್ಮಿನ ಮೇಲೆ ಬೆರಳಿಟ್ಟು ಸಾಗಿಸಬೇಕು. ಮುಚ್ಚಳದ ಚೀಟಿ ನೋಡದ ಒಳಗಿನವನಿಗೆ ಅದು ಗೊತ್ತಿಲ್ಲ. ಗೋಡೆಯಾಚೆಯಿಂದ ಪಟಪಟ ಸದ್ದು ಕೇಳಿತು. ಫಿಲ್ಮು ಹಾದಿ ತಪ್ಪಿತ್ತು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಅವರ ಕೆಲಸವೆಲ್ಲ ಹರಿದು ಚಿಂದಿ.

ಕಾಲು ಯಾವಾಗ ಎದ್ದವೋ ಗೊತ್ತಿಲ್ಲ. ಮೆಟ್ಟಿಲು ಹತ್ತಿ, "ಸರಿಯಲೇ ಅತ್ಲಾಗ!" ಎಂದು ಅವನನ್ನು ತಳ್ಳಿ ಮಷೀನು ನಿಲ್ಲಿಸಿದೆ. ಫಿಲ್ಮು ಬಿಡಿಸಿ ಬೆರಳಾಡಿಸಿ ನೋಡಿದೆ. ಅಂಟು ಬಿಟ್ಟಿರಲಿಲ್ಲ.

ಅಲ್ಲಿಗೆ ಇಳಿದು ಬರಬಹುದಿತ್ತು. ಬರಲಿಲ್ಲ. ಫಿಲ್ಮು ಮತ್ತೆ ಕೂಡಿಸಿ ಬೆಳಕು ಹಚ್ಚಿದೆ, ಬೆರಳಿಟ್ಟು ಆ ಜಾಗ ದಾಟಿಸಿದೆ. ಕೆಳಗೆ ಜನ ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಆ ಚಪ್ಪಾಳೆ ನನಗೆ ಹಿತವಾಗಿತ್ತು. ಕೊನೆಯ ರೀಲಿನವರೆಗೂ ನಾನೇ ಓಡಿಸಿದೆ. ಮಾಲೀಕ ಬಾಗಿಲಲ್ಲಿ ಇಣುಕಿ ಹೋದ.

ಸುದ್ದಿ ಬೆಳಗಿನ ಬಸ್ಸಿಗೇ ಹೋಯಿತು. "ಕಾರ್ಯದರ್ಶಿನೇ ಆಟ ಓಡಿಸ್ಯಾನಂತ, ನಾವ್ಯಾಕ ಕುಂದರಬೇಕು?" ಎಂದನಂತೆ ಕೊಟ್ಟೂರಿನವನು. ಅವನದೇನು ತಪ್ಪು? ಸೋಮವಾರ ಐದೂರಿನಲ್ಲೂ ಮ್ಯಾಟಿನಿ ನಡೆಯಿತು. ಮಾತಿಗೆ ಕರೆದಿದ್ದ ಹಡಗಲಿಯ ಮಾಲೀಕ ಮನೆಯಲ್ಲೇ ಇಲ್ಲ ಎಂದು ಹೇಳಿಸಿದ.

ವಾರ ಬಿಟ್ಟು ಹಡಗಲಿಗೆ ಹೋದೆ. ಹಿರಿಯರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ದನಿ ಗುರುತಿಸಿ, "ಬರ್ರಿ, ಕುಂದರ್ರಿ" ಎಂದರು. ನಡೆದದ್ದನ್ನೆಲ್ಲ ಹೇಳಿದೆ, ಒಂದೂ ಮುಚ್ಚಿಡಲಿಲ್ಲ.

"ಅಂಟು ತಡೀತೇನ್ರಿ?" ಎಂದು ಕೇಳಿದರು.

"ತಡೀತ್ರಿ."

ಅವರ ಮುಖದ ಮೇಲೆ ಸಣ್ಣ ನಗು ಬಂತು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದು ನನ್ನ ಮುಂದೆ ಇಟ್ಟರು. ದನಿ ಏರಿಸದೆ ಕೇಳಿದರು:

"ಫಿಲಂ ಉಳಿಸಿದ್ರಿ, ಛಲೋ ಆತು. ಇವರನ್ನ ಯಾರು ಉಳಸ್ತಾರ ಅಂತ ತಿಳಕೊಂಡು ಮ್ಯಾಲೆ ಹತ್ತಿದ್ರಿ?"

ಚಹಾ ಬಿಸಿಯಾಗಿತ್ತು, ಹಾಗೇ ಕುಡಿದೆ. ಹರಪನಹಳ್ಳಿ ಬಸ್ಸಿಗೆ ಹೊತ್ತಾಗಿತ್ತು, ಮ್ಯಾಟಿನಿಗೆ ಮುಟ್ಟಬೇಕಿತ್ತು. ಬರುತ್ತೇನೆ ಎಂದು ಹೇಳಿ ಎದ್ದೆ.